ಕದಿರು ಗೊತ್ತಿಲ್ಲದವರಿಗೆ ಕದಿರ ರೆಮ್ಮವ್ವೆ ಹೇಗೆ ಗೊತ್ತಾದಾಳು?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ನಾನು ಪಂಡಿತಳಲ್ಲ. ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಊರ ಜನ ನನ್ನನ್ನು ನರ್ಸಬಾಯಿ ಎಂದೇ ಕರೆಯುತ್ತಾರೆ. ಷಟ್‌ಸ್ಥಲದ ಮೇಲೆ, ಅಷ್ಟಾವರಣದ ಮೇಲೆ ಈ ವೇದಿಕೆಯಿಂದ ಬಲ್ಲವರು ಸಾಕಷ್ಟು ಮಾತಾಡಿದ್ದಾರೆ. ನಾನು ಸಣ್ಣ ವಿಷಯ ತಂದಿದ್ದೇನೆ. ನಮ್ಮ ಮೈಯ ಭಾಗಗಳಿಗೂ ನಮ್ಮ ಮನೆಯ, ಹೊಲದ ಸಾಮಾನುಗಳಿಗೂ ಇದ್ದ ಕನ್ನಡದ ಹೆಸರುಗಳು ನಮ್ಮ ಬಾಯಿಂದ ಜಾರಿ ಹೋಗುತ್ತಿವೆ. ಇದರಿಂದ ಬರಿಯ ಭಾಷೆಗೆ ನಷ್ಟ ಎಂದು ನಾನು ಹೇಳುವುದಿಲ್ಲ. ಶರಣರು ಯಾರಿಗಾಗಿ ಮಾತಾಡಿದರೋ ಅವರ ಬಾಯಿಯೇ ಕಟ್ಟಿದಂತಾಗುತ್ತದೆ ಎಂಬುದು ನನ್ನ ಮಾತು.

ಮೊದಲು ಮಕ್ಕಳಿಗೆ ಒಂದು ಪರೀಕ್ಷೆ. ನಿಮ್ಮ ಹಿಂಬಡ ಎಲ್ಲಿದೆ, ತೋರಿಸಿ. ಮೀನಖಂಡ? ಹೆಡಕು? ರಟ್ಟೆ? ಕಿರುನಾಲಿಗೆ? ನೋಡಿ, ಮುಂದಿನ ಸಾಲಿನ ಅಜ್ಜಿಯರು ನಗುತ್ತಿದ್ದಾರೆ, ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಹಿಂಬಡ ಎಂದರೆ ಹಿಮ್ಮಡಿ. ಮೀನಖಂಡ ಎಂದರೆ ಮೊಣಕಾಲ ಕೆಳಗೆ, ಹಿಂಬದಿಯಲ್ಲಿ ಮೀನಿನ ಹಾಗೆ ಉಬ್ಬಿದ ಮಾಂಸ. ಹೆಡಕು ಎಂದರೆ ಕುತ್ತಿಗೆಯ ಹಿಂಭಾಗ. ರಟ್ಟೆ ಎಂದರೆ ತೋಳಿನ ಮೇಲ್ಭಾಗ. ಕಿರುನಾಲಿಗೆ ಗಂಟಲ ಬಾಗಿಲಲ್ಲಿ ತೂಗುವ ತುಣುಕು. ಇವೆಲ್ಲ ನಿಮ್ಮ ಮೈಯಲ್ಲೇ ಇವೆ ಮಕ್ಕಳೇ. ಹೆಸರು ಮಾತ್ರ ಅಜ್ಜಿಯ ಹತ್ತಿರ ಉಳಿದಿವೆ.

ಇನ್ನು ದೊಡ್ಡವರಿಗೊಂದು ಪರೀಕ್ಷೆ. ನಾವು ದಿನವೂ ಶರಣರ ಹೆಸರು ಹೇಳುತ್ತೇವೆ. ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮವ್ವೆ, ಬಾಚಿಕಾಯಕದ ಬಸವಯ್ಯ, ಸತ್ತಿಗೆ ಕಾಯಕದ ಮಾರಿತಂದೆ, ಬೊಂತಾದೇವಿ. ಈ ಹೆಸರುಗಳ ಮೊದಲಿಗೆ ಏನಿದೆ ನೋಡಿ. ಹಡಪ ಎಂದರೆ ಎಲೆ ಅಡಿಕೆಯ ಚೀಲ. ನುಲಿ ಎಂದರೆ ಹುರಿಗೊಳಿಸಿದ ಹಗ್ಗ. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ. ಕದಿರು ರಾಟೆಯ ಕಡ್ಡಿ. ಕೊಟ್ಟಣ ಎಂದರೆ ಕೂಲಿಗೆ ಬತ್ತ ಕುಟ್ಟುವುದು. ಬಾಚಿ ಬಡಿಗನ ಕೈಯ ಹತಾರ. ಸತ್ತಿಗೆ ಎಂದರೆ ಕೊಡೆ. ಬೊಂತೆ ಎಂದರೆ ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಹೊದಿಕೆ, ನಮ್ಮ ಕೌದಿಯ ಹಾಗೆ.

ಲೋಕದಲ್ಲಿ ಜನ ಹೆಸರಿನ ಮುಂದೆ ಊರು ಇಟ್ಟುಕೊಳ್ಳುತ್ತಾರೆ, ಮನೆತನ ಇಟ್ಟುಕೊಳ್ಳುತ್ತಾರೆ, ಪದವಿ ಇಟ್ಟುಕೊಳ್ಳುತ್ತಾರೆ. ಕಲ್ಯಾಣದ ಶರಣರ ಹೆಸರಿನ ಮುಂದೆ ಹಗ್ಗ, ಹೊರೆ, ಬಾಚಿ, ಕೊಡೆ ಬಂದು ನಿಂತವು. 12ನೇ ಶತಮಾನದಲ್ಲಿ ಇದು ಸಣ್ಣ ಮಾತಲ್ಲ. ದುಡಿಯುವ ಕೈ ಹಿಡಿದ ವಸ್ತುವೇ ಆ ಮನುಷ್ಯನ ಗೌರವದ ಬಿರುದಾಯಿತು. ಈಗ ನಾವು ಬಿರುದು ಉಳಿಸಿಕೊಂಡಿದ್ದೇವೆ, ವಸ್ತುವನ್ನು ಮರೆತಿದ್ದೇವೆ. ಬಾಚಿ ಗೊತ್ತಿಲ್ಲದವನಿಗೆ ಬಾಚಿಕಾಯಕ ಎಂಬುದು ಮಂತ್ರದ ಹಾಗೆ ಕೇಳಿಸುತ್ತದೆ. ಅರ್ಥ ತಿಳಿಯದ ಮಂತ್ರ ಬೇಡ, ತಿಳಿದ ಮಾತು ಸಾಕು ಎಂದು ಎದ್ದ ಚಳವಳಿ ನಮ್ಮದು. ಅದರ ಮಾತೇ ನಮಗೆ ಮಂತ್ರವಾಗಿಬಿಟ್ಟರೆ ನಾವು ಬಂದ ದಾರಿಯಲ್ಲೇ ಹಿಂದಕ್ಕೆ ಹೋದೆವು ಎಂದರ್ಥ.

ಕದಿರ ರೆಮ್ಮವ್ವೆಯನ್ನೇ ತೆಗೆದುಕೊಳ್ಳಿ. ನೂಲುವುದು ಆಕೆಯ ಕಾಯಕ. ತನ್ನ ಒಂದು ವಚನದಲ್ಲಿ ಆಕೆ ರಾಟೆಯ ಭಾಗಗಳನ್ನು ಒಂದೊಂದಾಗಿ ಹೆಸರಿಸುತ್ತಾಳೆ. ಅಡಿಯ ಹಲಗೆ, ತೋರಣ, ಬೊಂಬೆ, ಕದಿರು. ಒಂದೊಂದಕ್ಕೂ ಒಂದೊಂದು ತತ್ವವನ್ನು ಹೋಲಿಸುತ್ತಾಳೆ. ಕದಿರಿಗೆ ಬಂದಾಗ ಅದನ್ನು ಅರಿವು ಎನ್ನುತ್ತಾಳೆ. ನಿಘಂಟು ತೆಗೆದರೆ ಕದಿರು ಎಂಬುದಕ್ಕೆ ಕಿರಣ ಎಂಬ ಅರ್ಥವೂ ಇದೆ, ತೆನೆ ಎಂಬ ಅರ್ಥವೂ ಇದೆ. ಇಂದಿನ ಓದುಗ ಅರಿವು, ಕಿರಣ, ಬೆಳಕು ಎಂದು ಸುಲಭವಾಗಿ ಜೋಡಿಸಿ ಮುಂದೆ ಹೋಗುತ್ತಾನೆ. ಕೇಳಲು ಚೆಂದ, ಆದರೆ ರೆಮ್ಮವ್ವೆ ಹೇಳಿದ್ದು ಅದಲ್ಲ.

ರಾಟೆ ನೋಡಿದವರು ಇಲ್ಲಿದ್ದೀರಿ. ಚಕ್ರ ದೊಡ್ಡದು, ಎಲ್ಲರ ಕಣ್ಣಿಗೆ ಬೀಳುವುದು ಅದೇ. ಕದಿರು ಒಂದು ಸಣ್ಣ ಕಬ್ಬಿಣದ ಕಡ್ಡಿ. ಆದರೆ ಅರಳೆಗೆ ಹುರಿ ಬಿದ್ದು ನೂಲಾಗುವುದು ಕದಿರಿನ ತುದಿಯಲ್ಲಿ, ನೂಲು ಸುತ್ತಿಕೊಳ್ಳುವುದು ಕದಿರಿನ ಮೇಲೆ. ಕದಿರು ಸೊಟ್ಟಾದರೆ ನೂಲು ಹರಿಯುತ್ತದೆ. ಕದಿರು ಇಲ್ಲದಿದ್ದರೆ ಚಕ್ರ ದಿನವಿಡೀ ತಿರುಗಿದರೂ ಒಂದು ಗೇಣು ನೂಲು ಹುಟ್ಟುವುದಿಲ್ಲ. ಅರಿವಿಲ್ಲದ ಪೂಜೆ, ಅರಿವಿಲ್ಲದ ದುಡಿಮೆ ಎಷ್ಟು ತಿರುಗಿದರೂ ಬರಿಯ ತಿರುಗಾಟವೇ ಎಂದು ನಾನು ಈ ಮಾತನ್ನು ತಿಳಿದುಕೊಂಡಿದ್ದೇನೆ. ಕೈಯಲ್ಲಿ ಕದಿರು ಹಿಡಿದವರಿಗೆ ಈ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮಗೆ ಈಗ ಉಪನ್ಯಾಸ ಬೇಕಾಗಿದೆ.

ಇನ್ನು ನನ್ನ ಕಾಯಕದ ಮಾತಿಗೆ ಬರುತ್ತೇನೆ. ಆಸ್ಪತ್ರೆಯಲ್ಲಿ ಹೆಸರು ತಪ್ಪಿದರೆ ಆಗುವ ನಷ್ಟ ವಚನ ತಪ್ಪಿ ಓದಿದ ನಷ್ಟಕ್ಕಿಂತ ಬೇಗ ಕಾಣುತ್ತದೆ.

ಹೊಟ್ಟೆ ನೋವು ಎಂದು ಚೀಟಿಯ ಮೇಲೆ ಬರೆಯುವುದು ಸುಲಭ. ಆದರೆ ನಮ್ಮ ಹೆಣ್ಣುಮಕ್ಕಳು ಬರಿಯ ಹೊಟ್ಟೆ ನೋವು ಎಂದು ಹೇಳುತ್ತಿರಲಿಲ್ಲ. ಹೊಕ್ಕಳ ಸುತ್ತ ಹಿಂಡುತ್ತದೆ ಎನ್ನುತ್ತಿದ್ದರು. ಕಿಬ್ಬೊಟ್ಟೆ ಜಗ್ಗುತ್ತದೆ ಎನ್ನುತ್ತಿದ್ದರು. ಪಕ್ಕೆಯಲ್ಲಿ ಚಳಕು ಹಿಡಿದು ತೊಡೆಯ ಸಂದಿಗೆ ಸೆಳೆಯುತ್ತದೆ ಎನ್ನುತ್ತಿದ್ದರು. ಎದೆಗೂಡಿನ ಕೆಳಗೆ ಉರಿಯುತ್ತದೆ ಎನ್ನುತ್ತಿದ್ದರು. ಇವು ನಾಲ್ಕೂ ಬೇರೆ ಬೇರೆ. ಹೊಕ್ಕಳ ಸುತ್ತ ಸುರುವಾಗಿ ಬಲಗಡೆಯ ಕಿಬ್ಬೊಟ್ಟೆಗೆ ಇಳಿದು ನಿಲ್ಲುವ ನೋವು ಅಪೆಂಡಿಸೈಟಿಸ್ ಇರಬಹುದು. ಪಕ್ಕೆಯಿಂದ ತೊಡೆಸಂದಿಗೆ ಸೆಳೆಯುವ ನೋವು ಮೂತ್ರಪಿಂಡದ ಕಲ್ಲಿನದಿರಬಹುದು. ಓದು ಬರಹ ಬಾರದ ತಾಯಿ ತನ್ನ ಮನೆಮಾತಿನಲ್ಲಿ ಅರ್ಧ ರೋಗಪರೀಕ್ಷೆ ಮಾಡಿಯೇ ಬಂದಿರುತ್ತಾಳೆ.

ನೋವಿಗೇ ಎಷ್ಟು ಹೆಸರಿವೆ ನೋಡಿ. ಉರಿ, ಸೆಳೆತ, ಕಡಿತ, ಚಳಕು, ಸಿಡಿತ, ಹಿಂಡು, ಚುಚ್ಚು, ಜೋಮು, ಉಳುಕು, ಬಾವು. ಹೆರಿಗೆಯ ನೋವಿಗೆ ಬೇನೆ. ಸಣ್ಣ ಹುಡುಗಿಯೂ ಕಾಲು ಕಡಿಯುತ್ತದೆ ಎನ್ನುವುದಕ್ಕೂ ಕಾಲು ಉರಿಯುತ್ತದೆ ಎನ್ನುವುದಕ್ಕೂ ವ್ಯತ್ಯಾಸ ಬಲ್ಲವಳಾಗಿದ್ದಳು. ಈಗಿನ ಮಕ್ಕಳು ಎಲ್ಲಕ್ಕೂ ಪೇನ್ ಎನ್ನುತ್ತಾರೆ.

ಒಂದು ಸಲ ಹೊಲದಿಂದ ನೇರವಾಗಿ ಒಬ್ಬ ತಾಯಿ ಆಸ್ಪತ್ರೆಗೆ ಬಂದಳು. "ಯವ್ವಾ, ಎದಿ ನೋಯಂಗಿಲ್ಲ. ಎಡಗಡಿ ರಟ್ಟಿ ಸೆಳೀತೈತಿ, ದವಡಿ ಹಿಡದಂಗ ಆಗೈತಿ, ಮೈಯೆಲ್ಲಾ ಬೆವರ್ತೈತಿ" ಎಂದಳು. ಆ ದಿನ ಅಲ್ಲಿದ್ದ ವೈದ್ಯರು ಚಿಕ್ಕ ವಯಸ್ಸಿನವರು, ಒಳ್ಳೆಯವರು, ಕನ್ನಡದವರೇ. ಆದರೆ ದೊಡ್ಡ ಊರಿನಲ್ಲಿ ಬೆಳೆದವರು. ರಟ್ಟೆ ಎಂಬ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ದವಡೆ ಎಂದದ್ದು ಮಾತ್ರ ತಿಳಿದು, ಹಲ್ಲಿನ ನೋವೇ ಎಂದು ಬಾಯಿ ತೆರೆಸಿದರು. ನಾನು ಪಕ್ಕದಲ್ಲಿ ನಿಂತು, ಎಡ ತೋಳಿನ ಮೇಲ್ಭಾಗ ಸೆಳೆಯುತ್ತಿದೆ ಎನ್ನುತ್ತಿದ್ದಾಳೆ ಎಂದೆ. ಕೂಡಲೇ ಅವರ ಮುಖ ಬದಲಾಯಿತು. ಇಸಿಜಿ ತೆಗೆದರು, ತಡ ಮಾಡದೆ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಹೃದಯಾಘಾತದ ನೋವು ತೋಳಿಗೆ, ದವಡೆಗೆ, ಬೆನ್ನಿಗೆ ಹರಡಬಹುದು. ಎದೆನೋವು ಹೆಂಗಸರಿಗೂ ಮುಖ್ಯ ಲಕ್ಷಣವೇ, ಆದರೆ ಈ ಬೇರೆ ಲಕ್ಷಣಗಳು ಅವರಲ್ಲಿ ಹೆಚ್ಚಾಗಿ ಕಾಣುತ್ತವೆ. ಆ ತಾಯಿ ಉಳಿದಳು. ವೈದ್ಯರು ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು ಇಂಥ ಮಾತು ಬರೆದುಕೊಳ್ಳತೊಡಗಿದರು. ಕಲಿಯುವ ಮನಸ್ಸಿದ್ದರೆ ಹೀಗಾಗುತ್ತದೆ.

ಇಲ್ಲಿ ಎರಡು ಗೋಡೆಗಳಿವೆ, ಬಂಧುಗಳೇ. ಒಂದು ಇಂಗ್ಲಿಷಿನ ಗೋಡೆ. ಎಲ್ಲರೂ ಲಿವರ್, ಶೋಲ್ಡರ್, ಹಿಪ್ ಎನ್ನುತ್ತಾರೆ. ಇನ್ನೊಂದು ಪಠ್ಯಪುಸ್ತಕದ ಗೋಡೆ. ಪಿತ್ತಜನಕಾಂಗ, ಮೇದೋಜೀರಕ, ಜಠರ. ಕನ್ನಡವೇ ಅನ್ನಿ, ಆದರೆ ಹೊಲದಲ್ಲಿ ದುಡಿಯುವ ತಾಯಿಗೆ ಲಿವರ್ ಎಷ್ಟು ದೂರವೋ ಪಿತ್ತಜನಕಾಂಗವೂ ಅಷ್ಟೇ ದೂರ. ಶಾಸ್ತ್ರಕ್ಕೆ ಶಾಸ್ತ್ರದ ಪದ ಬೇಕು, ನಾನು ಬೇಡ ಎನ್ನುವುದಿಲ್ಲ. ಆದರೆ ಕಿಬ್ಬೊಟ್ಟೆ ಎಂಬ ಒಳ್ಳೆಯ ಮಾತು ಇರುವಾಗ ಅದನ್ನು ಹಳ್ಳಿಯ ಮಾತು ಎಂದು ಬದಿಗೆ ಸರಿಸಿದರೆ ತಿಳಿದವರು ಒಂದು ಕಡೆ, ತಿಳಿಯದವರು ಒಂದು ಕಡೆ ಆಗುತ್ತಾರೆ. ಆ ಗೋಡೆಯನ್ನೇ ಬಸವಾದಿ ಶರಣರು ಕೆಡವಿದ್ದು.

ಮೈಗೂ ಹೆಸರಿಗೂ ಇನ್ನೊಂದು ನಂಟಿದೆ. ನಮ್ಮ ಹಿರಿಯರಿಗೆ ಅಳತೆಗೋಲು ಅವರ ಮೈಯೇ ಆಗಿತ್ತು. ಹೆಬ್ಬೆರಳಿನಿಂದ ತೋರುಬೆರಳಿನವರೆಗೆ ಚೋಟು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಗೇಣು. ಮೊಳಕೈಯಿಂದ ಬೆರಳ ತುದಿಯವರೆಗೆ ಮೊಳ. ಎರಡೂ ಕೈ ಚಾಚಿದರೆ ಮಾರು. ಹಿಡಿ, ಬೊಗಸೆ, ಚಿಟಿಕೆ, ಗುಟುಕು. ಓಆರ್‌ಎಸ್ ಪೊಟ್ಟಣ ಊರಿಗೆ ಬಾರದ ದಿನಗಳಲ್ಲಿ, ಭೇದಿಯಿಂದ ಸೊರಗಿದ ಮಗುವಿಗೆ ಉಪ್ಪು ಸಕ್ಕರೆಯ ನೀರು ಮಾಡುವುದನ್ನು ನಾವು ಚಿಟಿಕೆ ಮತ್ತು ಹಿಡಿಯ ಲೆಕ್ಕದಲ್ಲೇ ಕಲಿಸಿದೆವು. ಚಮಚ ಇಲ್ಲದ ಮನೆಯಲ್ಲೂ ಬೆರಳು ಇರುತ್ತಿತ್ತು. ಈಗ ಪೊಟ್ಟಣ ಸಿಗುತ್ತದೆ, ಅದೇ ಒಳ್ಳೆಯದು, ಅದನ್ನೇ ಬಳಸಿ. ಆದರೆ ಅಳತೆ ತಾಯಿಯ ಕೈಯಲ್ಲಿದ್ದ ಕಾಲವನ್ನು ಹಗುರವಾಗಿ ಕಾಣಬೇಡಿ. ಆಯ್ದಕ್ಕಿ ಲಕ್ಕಮ್ಮ, ಗಂಡ ಹೆಚ್ಚಿಗೆ ಅಕ್ಕಿ ತಂದಾಗ ಮರಳಿ ಅಲ್ಲೇ ಸುರಿದು ಬಾ ಎಂದು ಕಳಿಸಿದ ಕಥೆ ನಿಮಗೆ ಗೊತ್ತು. ಸಾಕು ಎಂಬುದರ ಅಳತೆ ಆಕೆಗೆ ಕೈಯಲ್ಲೇ ತಿಳಿದಿತ್ತು.

ಸಾಮಾನುಗಳಿಗೂ ನಮ್ಮ ಜನ ಮೈಯ ಹೆಸರನ್ನೇ ಕೊಟ್ಟರು. ಗಡಿಗೆಗೆ ಬಾಯಿ, ಕೊರಳು, ಹೊಟ್ಟೆ ಇವೆ. ಸೂಜಿಗೆ ಕಣ್ಣಿದೆ. ಗರಗಸಕ್ಕೆ ಹಲ್ಲಿವೆ. ಬಾಗಿಲಿಗೆ ತೋಳಿದೆ. ಮಂಚಕ್ಕೆ ಕಾಲಿದೆ. ಸೀರೆಗೆ ಒಡಲಿದೆ. ದಿನವೂ ಜೊತೆಗೆ ದುಡಿಯುವ ವಸ್ತುವನ್ನು ಮನೆಯ ಒಂದು ಜೀವದ ಹಾಗೆ ಕಂಡವರು ಇಟ್ಟ ಹೆಸರುಗಳಿವು.

ಈಗ ತಾಯಂದಿರಿಗೆ ಮುಖ್ಯವಾದ ಒಂದು ಮಾತು. ಸ್ವಾಮೀಜಿಯವರ ಮುಂದೆ ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಮುಟ್ಟು ಎಂಬ ಪದ ಇದೆಯಲ್ಲ, ಅದಕ್ಕೆ ಏನು ಅರ್ಥ? ತಲೆ ತಗ್ಗಿಸಬೇಡಿ. ಕನ್ನಡದಲ್ಲಿ ಮುಟ್ಟು ಎಂದರೆ ಹತಾರ, ಉಪಕರಣ. ಬಡಿಗನ ಮುಟ್ಟು, ಅಡುಗೆಯ ಮುಟ್ಟು ಎನ್ನುತ್ತಿದ್ದರು. ನಿಘಂಟಿನಲ್ಲಿ ಈ ಅರ್ಥ ಇಂದಿಗೂ ಇದೆ. ಸ್ಪರ್ಶ ಎಂಬ ಅರ್ಥವೂ ಇದೆ. ಹೆಣ್ಣಿನ ತಿಂಗಳ ಸ್ರಾವ ಎಂಬ ಅರ್ಥವೂ ಇದೆ. ದುಡಿಯುವ ಕೈಯ ಹತಾರವೂ ಅದೇ ಮಾತಿನಲ್ಲಿ, ಜೀವ ಹುಟ್ಟಿಸುವ ಒಡಲ ಧರ್ಮವೂ ಅದೇ ಮಾತಿನಲ್ಲಿ ಸಿಗುತ್ತವೆ. ನಾವು ಮೊದಲನೆಯ ಅರ್ಥವನ್ನು ಮರೆತೆವು. ಉಳಿದದ್ದಕ್ಕೆ ಮುಟ್ಟಬಾರದು ಎಂಬ ಅರ್ಥ ಹೊದಿಸಿದೆವು. ಹೊರಗಾದಳು, ದೂರಾದಳು, ಕಡಿಗಾದಳು ಎಂದೆವು. ಒಂದೊಂದು ಮಾತೂ ಹೆಣ್ಣನ್ನು ಮನೆಯಿಂದ ಒಂದೊಂದು ಹೆಜ್ಜೆ ಆಚೆ ಇಟ್ಟಿತು.

ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಜನನ, ಮರಣ, ಜಾತಿ, ಎಂಜಲು, ರಜಸ್ಸು ಇವು ಐದೂ ಲಿಂಗವಂತರಿಗೆ ಸೂತಕವಲ್ಲ. ಕೊರಳಲ್ಲಿ ಲಿಂಗ ಇರುವವಳು ತಿಂಗಳ ಮೂರು ದಿನವೂ ಅದನ್ನು ತೆಗೆದಿಡಬೇಕಾಗಿಲ್ಲ, ಅಂಗೈಯಲ್ಲಿಟ್ಟು ಪೂಜಿಸಬಹುದು. ಇದನ್ನು ಎಲ್ಲರೂ ಭಾಷಣದಲ್ಲಿ ಒಪ್ಪುತ್ತೇವೆ. ಆದರೆ ಇವತ್ತಿಗೂ ನಮ್ಮ ಎಷ್ಟೋ ಮನೆಗಳಲ್ಲಿ ಹುಡುಗಿ ತನ್ನ ತಾಯಿಗೂ ಕೆಳಗೆ ನೋವು ಎಂದಷ್ಟೇ ಹೇಳುತ್ತಾಳೆ. ಕೆಳಗೆ ಎಂದರೆ ಎಲ್ಲಿ? ಮೊಣಕಾಲೇ, ಹಿಂಬಡವೇ? ಹೆಸರಿಲ್ಲದ ಅಂಗದ ರೋಗ ಬಹಳ ದಿನ ಹೇಳದೆ ಉಳಿಯುತ್ತದೆ. ಸ್ತನದ ಗಂಟು, ಬಿಳಿಸೆರಗು, ಜಾರಿದ ಗರ್ಭಕೋಶ ಇವನ್ನೆಲ್ಲ ವರ್ಷಗಟ್ಟಲೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಬಂದ ತಾಯಂದಿರನ್ನು ನಾನು ನೋಡಿದ್ದೇನೆ. ಆ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತಿತ್ತು. ಸೂತಕ ಮನೆಯಿಂದ ಹೋಗಬೇಕಾದರೆ ಮೊದಲು ನಾಲಿಗೆಯಿಂದ ಹೋಗಬೇಕು. ಮಗಳಿಗೆ ಅವಳ ಮೈಯ ಪ್ರತಿ ಅಂಗದ ಹೆಸರನ್ನೂ ನಾಚಿಕೆಯಿಲ್ಲದೆ ಕಲಿಸುವುದೂ ಸೂತಕ ಕಳೆಯುವ ಕೆಲಸವೇ.

ಹಾಗಾದರೆ ಯಾರ ಮಾತು ಸರಿಯಾದ ಕನ್ನಡ ಎಂಬ ಪ್ರಶ್ನೆ ಬರುತ್ತದೆ. ನಮ್ಮ ಕಡೆ ಗಲ್ಲ ಎಂದರೆ ಕೆನ್ನೆ. ಮೈಸೂರಿನ ಕಡೆ ಗಲ್ಲ ಎಂದರೆ ಗದ್ದ. ನಡ, ಟೊಂಕ, ಸೊಂಟ ಮೂರೂ ಒಂದೇ. ಇದರಲ್ಲಿ ಶುದ್ಧ, ಅಶುದ್ಧ ಎಂಬುದಿಲ್ಲ. ಹೇಳಿದವರಿಗೂ ಕೇಳಿದವರಿಗೂ ತಿಳಿದರೆ ಮಾತು ಶುದ್ಧ.

ಆದರೆ ಒಂದು ವಿಷಯದಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಹಳೆಯ ಪದ ಉಳಿಸೋಣ ಎಂದಾಗ ನಾವು ನೆನೆಯುವುದು ನಮ್ಮ ಅಡುಗೆಮನೆಯ, ನಮ್ಮ ಹೊಲದ ಪದಗಳನ್ನು. ನೆಲುವು, ಸಿಂಬೆ, ಸಾಣಿಗೆ, ನಾಗಂದಿಗೆ, ಹಗೇವು. ನೇಗಿಲಿನ ಈಸು, ಮೇಳಿ, ಕುಳ. ಒಳ್ಳೆಯದು. ಚಮ್ಮಾರ ಬಂಧುಗಳ ಕೇರಿಯ ಪದಗಳನ್ನು ಯಾರು ಕೇಳಿದ್ದೇವೆ? ಚರ್ಮ ಕತ್ತರಿಸುವ ರಂಪಿಗೆ, ಕಾಲ್ಮರಿಯ ಅಟ್ಟೆ, ಹೆಬ್ಬೆರಳು ತೂರಿಸುವ ಉಂಗುಟ. ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿಕೊಟ್ಟರು ಎಂದು ನಮ್ಮ ಪರಂಪರೆ ಹೇಳುತ್ತದೆ. ವೇದಿಕೆಯ ಮೇಲೆ ಆ ಕಥೆ ಹೇಳಿ ಕಣ್ಣೀರು ಹಾಕುತ್ತೇವೆ. ಹರಳಯ್ಯನ ಕೈಯಲ್ಲಿದ್ದ ಹತಾರದ ಹೆಸರು ಕೇಳಿದರೆ ನಮಗೆ ಗೊತ್ತಿಲ್ಲ. ಗೊತ್ತಿರುವವರ ಮನೆಯ ಹೊಸ್ತಿಲನ್ನು ನಾವು ತುಳಿದಿಲ್ಲ. ಮೇದಾರರ, ಮಡಿವಾಳರ, ನೇಕಾರರ, ಕುಂಬಾರರ, ಅಂಬಿಗರ ಮಾತಿಗೂ ಇದೇ ಗತಿ. ಪದ ಕಳೆದುಹೋಗಲು ಯಂತ್ರ ಒಂದೇ ಕಾರಣವಲ್ಲ. ನಾವು ಒಬ್ಬರ ಮನೆಗೆ ಒಬ್ಬರು ಹೋಗದೆ ಇರುವುದೂ ಕಾರಣ.

ತಪ್ಪು ತಿಳಿಯಬೇಡಿ. ಬೀಸುವ ಕಲ್ಲು ಮರಳಿ ಬರಲಿ, ಒಳ್ಳು ಒನಕೆ ಮರಳಿ ಬರಲಿ ಎಂದು ನಾನು ಕೇಳುವುದಿಲ್ಲ. ನಸುಕಿನಲ್ಲೆದ್ದು ಬೀಸಿ ಬೀಸಿ ರಟ್ಟೆ ಸೋತ ಹೆಂಗಸರಿಗೆ ನೋವಿನ ಗುಳಿಗೆ ಕೊಟ್ಟವಳು ನಾನು. ಗಿರಣಿ ಬಂದದ್ದು, ಗ್ಯಾಸ್ ಬಂದದ್ದು, ನಳ ಬಂದದ್ದು ಹೆಣ್ಣಿಗೆ ಬಿಡುಗಡೆ. ತಲೆಯ ಮೇಲಿನ ಕೊಡ ಇಳಿಯಲಿ, ಸಿಂಬೆ ಎಂಬ ಮಾತು ಉಳಿಯಲಿ. ಭಾರ ಹೊತ್ತವರು ಯಾರು ಎಂಬುದನ್ನು ಆ ಮಾತು ಮಕ್ಕಳಿಗೆ ಹೇಳುತ್ತದೆ.

ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದುಕೊಂಡೇ ವಚನಗಳ ಓಲೆಗರಿಗಳನ್ನು ಹುಡುಕಿ ಕೂಡಿಹಾಕಿದರು. 1923ರಲ್ಲಿ ವಚನಶಾಸ್ತ್ರಸಾರ ಅಚ್ಚಾಯಿತು, 1926ರಲ್ಲಿ ಶಿವಾನುಭವ ಪತ್ರಿಕೆ ಸುರುವಾಯಿತು. ಅವರು ಕೇಳಿ ತಂದಿರದಿದ್ದರೆ ಎಷ್ಟೋ ಕಟ್ಟುಗಳು ಜಂತಿಯ ಮೇಲೆಯೇ ಹುಳ ತಿಂದು ಹೋಗುತ್ತಿದ್ದವು. ಜರ್ಮನಿಯಿಂದ ಬಂದ ಕಿಟೆಲ್ ಅವರು ನಮ್ಮ ಮಾತುಗಳನ್ನು ಕೂಡಿಸಿ 1894ರಲ್ಲಿ ಮಂಗಳೂರಿನಲ್ಲಿ ದೊಡ್ಡ ನಿಘಂಟು ಹೊರತಂದರು. ದೂರದವರೇ ಅಷ್ಟು ಮಾಡಿರುವಾಗ ನಮ್ಮ ಅಜ್ಜಿಯನ್ನು ನಾವು ಕೇಳಲಾರೆವೇ? ಓಲೆಗರಿ ಮನೆಯಲ್ಲಿ ನೂರಾರು ವರ್ಷ ಕಾಯಿತು. ಅಜ್ಜಿ ಅಷ್ಟು ಕಾಯಲಾರಳು.

ಪೂಜ್ಯರಲ್ಲಿ, ಅಕ್ಕನ ಬಳಗದಲ್ಲಿ ನನ್ನ ಬಿನ್ನಹ ಮೂರು.

ಮೊದಲನೆಯದು, ಪ್ರಸಾದ ನಿಲಯದ ಪ್ರತಿ ಮಗು ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಒಯ್ಯಲಿ. ಮೈಯ ಅಂಗಗಳ ಹೆಸರು, ನೋವಿನ ಹೆಸರು, ಮನೆಯ ಸಾಮಾನಿನ ಹೆಸರು, ಒಂದು ಕಾಯಕದ ಹತಾರಗಳ ಹೆಸರು ಬರೆದು ತರಲಿ. ತಮ್ಮ ಮನೆಯಲ್ಲಷ್ಟೇ ಕೇಳಬಾರದು, ಬೇರೆ ಕೇರಿಯ ಒಂದು ಮನೆಗೂ ಹೋಗಿ ಕೇಳಬೇಕು. ಇದು ಕಡ್ಡಾಯವಾಗಲಿ.

ಎರಡನೆಯದು, ಬಸವ ಜಯಂತಿಯ ದಿನ ಶರಣರ ಭಾವಚಿತ್ರದ ಮುಂದೆ ಅವರ ಕಾಯಕದ ವಸ್ತುವನ್ನೂ ಇಡೋಣ. ರೆಮ್ಮವ್ವೆಯ ಮುಂದೆ ಕದಿರು, ಚಂದಯ್ಯನ ಮುಂದೆ ನುಲಿ, ಬಸವಯ್ಯನ ಮುಂದೆ ಬಾಚಿ. ಅದನ್ನು ಬಳಸಲು ಬಲ್ಲವರನ್ನೇ ವೇದಿಕೆಗೆ ಕರೆದು, ಅದರ ಭಾಗಗಳ ಹೆಸರು ಅವರ ಬಾಯಿಂದಲೇ ಕೇಳೋಣ. ಅಂದಿನ ಉಪನ್ಯಾಸ ಅವರದೇ ಆಗಲಿ.

ಮೂರನೆಯದು, ಮಕ್ಕಳು ಬರೆದು ತಂದ ಮೈಯ ಹೆಸರುಗಳು ಮತ್ತು ನೋವಿನ ಹೆಸರುಗಳಿಂದ ಎರಡು ಪುಟ ಮಾಡಿ ನಮ್ಮ ಸುತ್ತಲಿನ ಆಸ್ಪತ್ರೆಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಮಠದಿಂದ ಕೊಡೋಣ. ಹೊಸದಾಗಿ ಬರುವ ವೈದ್ಯರ ಮೇಜಿನ ಮೇಲೆ ಅದು ಇರಲಿ. ರಟ್ಟೆ ಎಂದರೆ ಏನೆಂದು ಹೇಳಲು ಪಕ್ಕದಲ್ಲಿ ಯಾವಾಗಲೂ ಒಬ್ಬ ನರ್ಸಬಾಯಿ ನಿಂತಿರುವುದಿಲ್ಲ.

ಮಕ್ಕಳೇ, ಇವತ್ತು ಪ್ರಸಾದಕ್ಕೆ ಕೂತಾಗ ಬಡಿಸುವ ಅಜ್ಜಿಯನ್ನು ಒಂದು ಹೆಸರು ಕೇಳಿ ಬರೆದುಕೊಳ್ಳಿ. ಕೆಲಸ ಇವತ್ತೇ ಸುರುವಾಗಲಿ.